ಇನ್ನೂ ಏಳು ಪರ್ಸೆಂಟ್

“ವಯಸ್ಸಾಗಿದೆ. ಆದರೂ ರೂಪ ಕೆಟ್ಟಿಲ್ಲ,” ಎಂದ ರಿಪೇರಿಯವನು.

ಅಂಗಡಿಯ ಕಡಿದಾದ ಮೆಟ್ಟಿಲು ಹತ್ತಿಬಂದು ಇನ್ನೂ ಏದುಸಿರು ಬಿಡುತ್ತಿದ್ದವಳಿಗೆ ಕಿವಿ ಬಿಸಿಯಾಯಿತು. ನಲವತ್ತೊಂಬತ್ತರ ಹೆಂಗಸಿಗೆ, ಅದೂ ಮೊದಲ ಸಲ ಬಂದವಳಿಗೆ, ಮುಖ ಕೂಡ ನೋಡದೆ ಹೀಗೆ ಹೇಳುವುದೆಂದರೆ!

“ನನ್ನ ವಯಸ್ಸು ಕಟ್ಟಿಕೊಂಡು ನಿಮಗೇನಾಗಬೇಕ್ರಿ?”

ಆತ ತಲೆಯೆತ್ತಿದ. ಹಣೆಗೆ ಕಟ್ಟಿಕೊಂಡಿದ್ದ ಭೂತಗನ್ನಡಿಯೊಳಗೆ ಒಂದು ಕಣ್ಣು ಬಟ್ಟಲಷ್ಟು ದೊಡ್ಡದಾಗಿ ಕಂಡಿತು. “ನಾನು ಲ್ಯಾಪ್‌ಟಾಪ್ ವಿಷಯ ಹೇಳಿದೆ ಮೇಡಂ.” ಕನ್ನಡಿಯನ್ನು ಮೇಲಕ್ಕೆ ಸರಿಸಿ, ಅವಳನ್ನು ನೆಟ್ಟಗೆ ನೋಡಿ ಮತ್ತೆ ಹೇಳಿದ: “ನಿಮ್ಮನ್ನ ಈಗ ತಾನೇ ನೋಡ್ತಿದ್ದೀನಿ.”

ಅವಳು ಅಚ್ಚುಮನೆಯೊಂದರಲ್ಲಿ ಕರಡು ತಿದ್ದುವವಳು. ಅಲ್ಲಿ ಅವಳಿಗೆ ಕೆಂಪು ಪೆನ್ನಕ್ಕ ಎಂದೇ ಹೆಸರು. ತಪ್ಪು ಕಂಡರೆ ಔಷಧದ ಚೀಟಿಯನ್ನೂ ಬಿಡದ ಸ್ವಭಾವ. ಒಂಬತ್ತು ವರ್ಷದ ಆ ಲ್ಯಾಪ್‌ಟಾಪು ಕೂಡ ಅವಳಿಂದ ಬೈಸಿಕೊಂಡೇ ಅಲ್ಲಿಗೆ ಬಂದಿತ್ತು. ಪರದೆಯ ಮೂಲೆಯಲ್ಲಿ, ಬ್ಯಾಟರಿಯ ಚಿತ್ರದ ಮೇಲೆ ಕೆಂಪು ಗುರುತು; ಪಕ್ಕದಲ್ಲಿ ಒಂದು ಸಾಲು: ‘ನಿಮ್ಮ ಬ್ಯಾಟರಿಯನ್ನು ಬದಲಾಯಿಸುವುದನ್ನು ಪರಿಗಣಿಸಿ.’

“ಪರಿಗಣಿಸಿ ಅಂದ್ರೆ ಏನ್ರಿ?” ಎಂದಳು. “ಬದಲಾಯಿಸಿ ಅನ್ನಲಿ, ಇಲ್ಲ ಸುಮ್ಮನಿರಲಿ. ಅರ್ಧ ಮನಸ್ಸಿನ ಮಾತು ನನಗೆ ಆಗಿಬರಲ್ಲ.”

“ಬ್ಯಾಟರಿ ರಿಪೇರಿಗೆ ಬಂದಿದ್ದೀರೋ, ಭಾಷೆ ರಿಪೇರಿಗೋ?”

“ಯಾವುದು ನಿಮ್ಮ ಕೈಯಲ್ಲಿ ಆಗುತ್ತೋ ಅದಕ್ಕೆ.”

ಆತ ನಗಲಿಲ್ಲ, ತುಟಿಯ ಒಂದು ಕೊನೆ ಮಾತ್ರ ಮಾತು ಕೇಳದೆ ಮೇಲಕ್ಕೆ ಹೋಯಿತು. ಬ್ಯಾಟರಿಯನ್ನು ಬಿಚ್ಚಿ ಗಾಜಿನ ಹಲಗೆಯ ಮೇಲಿಟ್ಟು ಮೂಲೆ ಮೂಲೆಯನ್ನೂ ಬೆರಳಿನಿಂದ ಒತ್ತಿ ನೋಡಿದ. “ಉಬ್ಬಿದ್ದರೆ ಹೀಗೆ ಒತ್ತಿದಾಗ ತೂಗಾಡುತ್ತೆ. ಆಗ ನಾನೇ ಬೇಡ ಅಂತಿದ್ದೆ. ಇದು ನೆಟ್ಟಗೆ ಕೂತಿದೆ.” ಬಾಗಿಲ ಬಳಿ ಬೆನ್ನು ಸೆಟೆಸಿ ಕುಳಿತಿದ್ದ ಅವಳತ್ತ ಕಣ್ಣು ಹಾಯಿಸಿ, “ಒಡತಿಯ ಹಾಗೆ,” ಎಂದು ಸೇರಿಸಿದ.

ಆಮೇಲೆ ಪ್ರತಿ ಶನಿವಾರವೂ ಅವಳು ಬಂದಳು. ಒಂದು ವಾರ ಚಾರ್ಜರಿನ ಪಿನ್ನು ಸಡಿಲ. ಇನ್ನೊಂದು ವಾರ ಫ್ಯಾನಿನೊಳಗೆ ಧೂಳು. ನಾಲ್ಕನೆಯ ವಾರ ದೂರು ಯಾವುದೂ ಇರಲಿಲ್ಲ. ದಾರಿಯಲ್ಲಿ ನಡೆಯುತ್ತಲೇ ಒಂದನ್ನು ಹುಟ್ಟಿಸಿಕೊಂಡಳು. ಆತನೂ ಅದನ್ನು ಬಹಳ ಗಂಭೀರವಾಗಿ ಕೇಳಿ, ಬಿಚ್ಚಬೇಕಾಗಿಲ್ಲದ ಸ್ಕ್ರೂಗಳನ್ನೆಲ್ಲ ಒಂದೊಂದಾಗಿ ಬಿಚ್ಚಿ, ಡಬ್ಬಿಯ ಮುಚ್ಚಳದಲ್ಲಿ ಸಾಲಾಗಿಟ್ಟು, ಒಂದೂವರೆ ಗಂಟೆಯ ನಂತರ ಮತ್ತೆ ಹಾಕಿದ. ಎಚ್ಚರಿಕೆಯ ಸಾಲು ಮಾತ್ರ ಪರದೆಯ ಮೂಲೆ ಬಿಟ್ಟು ಕದಲಲಿಲ್ಲ. ಅದು ಕದಲದಿರಲಿ ಎಂದು ಇಬ್ಬರಿಗೂ ಒಳಗೊಳಗೇ ಇತ್ತು.

ಆರನೆಯ ಶನಿವಾರ ಬೆಳಗ್ಗೆ ಅವಳ ಅಣ್ಣ ಮೇಜಿನ ಮೇಲೆ ಒಂದು ಹೊಸ ಪೆಟ್ಟಿಗೆಯನ್ನಿಟ್ಟ. ತಾಯಿ ತೀರಿಕೊಂಡಾಗಿನಿಂದ, ಅಂದರೆ ಒಂದು ವರ್ಷದಿಂದ, ಅವಳಿದ್ದುದು ಅಣ್ಣನ ಮನೆಯಲ್ಲಿ.

“ಪುಟ್ಟಿ, ಹೊಸ ಲ್ಯಾಪ್‌ಟಾಪ್. ಹಳೇದನ್ನ ಮಧ್ಯಾಹ್ನ ಗುಜರಿಗೆ ಹಾಕಿಬರ್ತೀನಿ. ಇನ್ನು ಆ ಅಂಗಡಿ ಮೆಟ್ಟಿಲು ಹತ್ತೋ ಕೆಲಸ ನಿನಗಿಲ್ಲ.”

“ಜನ ಆಡಿಕೊಳ್ತಾರಂತೆ,” ಎಂದಳು ಅತ್ತಿಗೆ, ತಟ್ಟೆ ಒರೆಸುತ್ತ.

“ಯಾರು ಅತ್ತಿಗೆ ಆಡಿಕೊಳ್ಳೋರು?”

“ಸದ್ಯಕ್ಕೆ ನಿಮ್ಮಣ್ಣ ಒಬ್ರೇ.”

ಅಣ್ಣ ಹೆಂಡತಿಯನ್ನು ದುರುಗುಟ್ಟಿ ನೋಡಿ, ತಂಗಿಯ ಕಡೆ ತಿರುಗಿ ದನಿ ತಗ್ಗಿಸಿದ. “ಆ ರಿಪೇರಿಯವನ ಹೆಂಡತಿ ಸತ್ತು ಐದು ವರ್ಷ. ನಿನಗೆ ಐವತ್ತು ಹತ್ತಿರ. ಇನ್ನು ಉಳಿದಿರೋದಾದ್ರೂ ಎಷ್ಟು? ಮರ್ಯಾದೆಯಾಗಿ, ನೆಮ್ಮದಿಯಾಗಿ ಇದ್ದುಬಿಡಬಾರದಾ?”

ಅವಳು ತನ್ನ ಕೋಣೆಗೆ ಹೋಗಿ ಕಣ್ಣು ಮುಚ್ಚಿ ಕುಳಿತಳು. ಹಾಸಿಗೆ ಹಿಡಿದ ತಾಯಿಯನ್ನು ಇಪ್ಪತ್ತು ವರ್ಷ ನೋಡಿಕೊಂಡವಳು ಅವಳು. ಆ ಇಪ್ಪತ್ತು ವರ್ಷದಲ್ಲಿ ತನಗಾಗಿ ದೇವರನ್ನು ಏನನ್ನೂ ಬೇಡಿರಲಿಲ್ಲ. ಅಂದು ಬೇಡಿದಳು. ಅದು ಪ್ರಾರ್ಥನೆಯ ಹಾಗಿರಲಿಲ್ಲ, ತಕರಾರಿನ ಹಾಗಿತ್ತು. ನೀನು ಕೊಡುವುದಿದ್ದರೆ ಕೊಡು, ನನಗೆ ಉಳಿದಿರುವುದನ್ನು ಅಣ್ಣನ ಕೈಯಲ್ಲಿ ಅಳೆಸಬೇಡ, ಎಂದಳು.

ಆಮೇಲೆ ಎದ್ದು, ಪೂರ್ತಿ ಚಾರ್ಜಾಗಿದ್ದ ಹಳೆಯ ಲ್ಯಾಪ್‌ಟಾಪನ್ನು ಎದೆಗವುಚಿಕೊಂಡು ಹೊರಟಳು. “ಮಧ್ಯಾಹ್ನದವರೆಗೆ ಇದು ನನ್ನದು,” ಎಂದು ಬಾಗಿಲಲ್ಲಿ ನಿಂತು ಹೇಳಿದಳು.

ರಿಪೇರಿಯವನು ಎಲ್ಲವನ್ನೂ ಕೇಳಿಸಿಕೊಂಡ. ಕೈಯಲ್ಲಿದ್ದ ಚಿಮಟವನ್ನು ಕೆಳಗಿಟ್ಟ.

“ಹಾಗಾದರೆ ಇವತ್ತು ನಿಜವಾದ ರಿಪೇರಿ ಮಾಡೋಣ. ಇದು ಸದಾ ಚಾರ್ಜರಿಗೆ ಅಂಟಿಕೊಂಡೇ ಇತ್ತಲ್ಲ, ತನ್ನಲ್ಲಿ ಎಷ್ಟಿದೆ ಅನ್ನೋ ಅಂದಾಜೇ ಇದಕ್ಕೆ ತಪ್ಪಿಹೋಗಿದೆ. ತಾನಾಗಿ ಆರಿಹೋಗೋವರೆಗೆ ಓಡಿಸಬೇಕು, ಮಧ್ಯೆ ಚಾರ್ಜಿಗೆ ಹಾಕೋ ಹಾಗಿಲ್ಲ. ಆಮೇಲೆ ಪೂರ್ತಿ ತುಂಬಿಸಿದರೆ ಅಂದಾಜು ಸರಿಹೋಗುತ್ತೆ.” ತಪ್ಪೊಪ್ಪಿಕೊಳ್ಳುವವನ ಹಾಗೆ ಹೇಳಿದ: “ಇದನ್ನ ನೀವು ಮೊದಲನೇ ವಾರವೇ ಮನೆಯಲ್ಲಿ ಮಾಡಬಹುದಿತ್ತು. ನಾನು ಹೇಳಲಿಲ್ಲ.”

“ಗೊತ್ತು. ಇದರ ಜೊತೆ ಬಂದ ಪುಸ್ತಕದಲ್ಲಿ ಓದಿದ್ದೀನಿ. ಅದರಲ್ಲಿ ಹದಿನಾಲ್ಕು ತಪ್ಪಿವೆ.”

ಈ ಸಲ ತುಟಿಯ ಎರಡೂ ಕೊನೆಗಳು ಮಾತು ಕೇಳಲಿಲ್ಲ.

ಹತ್ತು ಗಂಟೆಗೆ ನೂರಿದ್ದದ್ದು ಹತ್ತೂಮುಕ್ಕಾಲಿಗೆ ಏಳಕ್ಕೆ ಕುಸಿಯಿತು. ಪರದೆಯ ನಡುವೆ ಎಚ್ಚರಿಕೆ ಎದ್ದು ನಿಂತಿತು. ಅವಳ ಕೈ ತನಗೇ ತಿಳಿಯದೆ ಚಾರ್ಜರಿನ ಕಡೆ ಹೋಯಿತು. ಆತನ ಕೈ ಅದಕ್ಕಿಂತ ಮೊದಲೇ ಅಲ್ಲಿತ್ತು. ಒರಟು ಬೆರಳು, ತುದಿಯಲ್ಲಿ ಸುಟ್ಟ ಕಲೆ. ಅವಳು ಕೈ ಹಿಂದಕ್ಕೆ ತೆಗೆಯಲಿಲ್ಲ.

“ಆರಿಹೋಗುತ್ತೆ,” ಎಂದಳು.

“ಹೋಗಲಿ ನೋಡೋಣ.” ಆತನೂ ಕೈ ತೆಗೆಯಲಿಲ್ಲ. “ನನ್ನವಳಿಗೆ ಮೂರು ವಾರ ಅಂದಿದ್ದರು ಡಾಕ್ಟರು. ಹನ್ನೊಂದು ತಿಂಗಳು ಇದ್ದಳು. ಮೂರೇ ವಾರ ಅಂತ ನಂಬಿದ್ದರೆ ಅಷ್ಟೂ ದಿನ ಅಳುತ್ತಾ ಕೂತಿರುತ್ತಿದ್ದೆವು. ಅವಳು ನಂಬಲಿಲ್ಲ. ಕಿಟಕಿಗೆ ಬಣ್ಣ ಹೊಡೆಸಿದಳು, ಬೇಡ ಬೇಡ ಅಂದರೂ ನನಗೆ ಈಜು ಕಲಿಸಿದಳು. ದೇವರು ದೊಡ್ಡವನು, ಲೆಕ್ಕ ಅವನೇ ಇಟ್ಟುಕೊಳ್ಳಲಿ. ಆವತ್ತಿಂದ ಇಷ್ಟೇ ಉಳಿದಿದೆ ಅಂತ ಯಾರು ಹೇಳಿದರೂ ನಾನು ನಂಬಲ್ಲ.”

ಕೆಳಗೆ ಬೀದಿಯಲ್ಲಿ ಯಾರೋ ಬಾಗಿಲ ಶಟರ್ ಎಳೆದರು. ಹನ್ನೊಂದೂವರೆಯಾಯಿತು, ಏಳು ಪರ್ಸೆಂಟ್. ಹನ್ನೆರಡಾಯಿತು, ಏಳು ಪರ್ಸೆಂಟ್. ಅವಳು ಒಂದಿಡೀ ಅಧ್ಯಾಯದ ಕರಡು ತಿದ್ದಿ ಮುಗಿಸಿದಳು, ಆಗಲೂ ಏಳೇ. ಅವಳಿಗೆ ನಗು ಬಂತು. ತಾಯಿ ಹೋದ ಮೇಲೆ ಅಷ್ಟು ದೊಡ್ಡದಾಗಿ ನಕ್ಕದ್ದು ಅದೇ ಮೊದಲು.

ಹನ್ನೆರಡೂವರೆಗೆ ಮೂರಕ್ಕಿಳಿಯಿತು. ಆತ ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡು, ಒಂದೊಂದೇ ಅಕ್ಷರ ಹುಡುಕಿ ಒತ್ತಿ, ಮತ್ತೆ ಅವಳ ಕಡೆ ತಿರುಗಿಸಿದ. ಪರದೆಯ ಮೇಲೆ ಒಂದೇ ಸಾಲಿತ್ತು: ‘ದಯವಿಟ್ಟು ನನ್ನನ್ನು ಪರಿಗಣಿಸಿ.’

ಅವಳ ಕೆನ್ನೆ ಕೆಂಪಾಯಿತು. ಆದರೂ ಬೆರಳು ತನ್ನ ಕಸುಬು ಬಿಡಲಿಲ್ಲ. “ಈ ಪದ ನನಗಾಗಲ್ಲ ಅಂತ ಮೊದಲ ದಿನವೇ ಹೇಳಿದ್ದೆ,” ಎನ್ನುತ್ತ ಅದನ್ನು ಅಳಿಸಿದಳು. ‘ದಯವಿಟ್ಟು’ ಎಂಬುದನ್ನೂ ಅಳಿಸಿದಳು. ‘ನನ್ನನ್ನು’ ಎಂಬುದು ಒಂಟಿಯಾಗಿ ಉಳಿಯಿತು. ಅದರ ಮುಂದೆ ಗೆರೆ ಮಿಣುಕುತ್ತಿತ್ತು.

ಅಷ್ಟರಲ್ಲಿ ಪರದೆ ಆರಿತು. ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಗಿ ಅಣ್ಣ ಬಾಗಿಲಲ್ಲಿ ಕಾಣಿಸಿಕೊಂಡ.

“ಸತ್ತಿತಲ್ಲ. ಕೊಡು, ಹೋಗೋಣ.”

ಅವಳು ಅಣ್ಣನ ಕಡೆ ತಿರುಗಲಿಲ್ಲ. “ಆ ಸಾಲು ಸೇವ್ ಆಗಲಿಲ್ಲ,” ಎಂದಳು ರಿಪೇರಿಯವನಿಗೆ. “ಬಾಯಲ್ಲಿ ಹೇಳಿ.”

“ನಿಮ್ಮಣ್ಣ ಇದ್ದಾರೆ.”

“ಅವನ ಕಿವಿಗೂ ಬೀಳಲಿ.”

ಆತ ಎದ್ದು ನಿಂತು, ಹಣೆಯ ಕನ್ನಡಿ ಬಿಚ್ಚಿ ಮೇಜಿನ ಮೇಲಿಟ್ಟ. “ನನ್ನನ್ನು ಮದುವೆಯಾಗಿ,” ಎಂದ.

ಅವಳು ಆ ಎರಡು ಮಾತನ್ನು ಮನಸ್ಸಿನಲ್ಲೇ ಒಮ್ಮೆ ಹಿಂದಿನಿಂದ ಮುಂದಕ್ಕೆ, ಒಮ್ಮೆ ಮುಂದಿನಿಂದ ಹಿಂದಕ್ಕೆ ಓದಿದಳು.

“ತಪ್ಪೇನಿಲ್ಲ,” ಎಂದಳು. “ಅಚ್ಚಿಗೆ ಹೋಗಬಹುದು.”

“ಪುಟ್ಟಿ, ಈ ವಯಸ್ಸಲ್ಲಿ—”

“ಏಳೇ ಪರ್ಸೆಂಟ್ ಅಂತ ಹೇಳಿ ಇದು ಎರಡು ಗಂಟೆ ಓಡಿದೆ ಅಣ್ಣ. ನನ್ನಲ್ಲಿ ಎಷ್ಟು ಉಳಿದಿದೆ ಅಂತ ನಿನಗೆ ಹೇಳಿದವರ್ಯಾರು?”

ಅವಳು ಚಾರ್ಜರಿನ ಪಿನ್ನು ಸಿಕ್ಕಿಸಿದಳು. ಲ್ಯಾಪ್‌ಟಾಪಿನ ಅಂಚಿನಲ್ಲಿ ಕಿತ್ತಳೆ ಬಣ್ಣದ ಚುಕ್ಕೆ ಹೊತ್ತಿಕೊಂಡಿತು.

“ಇನ್ನು ಪೂರ್ತಿ ತುಂಬೋವರೆಗೆ ತೆಗೆಯೋ ಹಾಗಿಲ್ಲ. ನಾನು ಇಲ್ಲೇ ಇರ್ತೀನಿ. ಸಂಜೆ ಊಟಕ್ಕೆ ನಾವಿಬ್ಬರೂ ಬರ್ತೀವಿ ಅಂತ ಅತ್ತಿಗೆಗೆ ಹೇಳು.”

ಅಣ್ಣ ಆತನನ್ನು ನೋಡಿದ, ತಂಗಿಯನ್ನು ನೋಡಿದ, ಆ ಚುಕ್ಕೆಯನ್ನೂ ನೋಡಿದ. ಮೂರರಲ್ಲಿ ಒಂದೂ ಕಣ್ಣು ತಗ್ಗಿಸಲಿಲ್ಲ. ಎರಡು ಮೆಟ್ಟಿಲು ಇಳಿದವನು ಅಲ್ಲೇ ನಿಂತು, ಮುಖ ತಿರುಗಿಸದೆ ಕೇಳಿದ: “ಮತ್ತೆ ಆ ಹೊಸದನ್ನ ಏನು ಮಾಡಲಿ?”

“ಅತ್ತಿಗೆಗೆ ಕೊಡೋದನ್ನ ಪರಿಗಣಿಸು,” ಎಂದಳು ಅವಳು.