ಕೈ ಜಾರದ ಪಾತ್ರೆಗಳು

“ಇದನ್ನು ಬರೆದದ್ದು ಯಾರು?”

ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನ ಎದುರು, ಮಹಡಿಯ ಮೇಲಿನ ಪುಟ್ಟ ಜಾಹೀರಾತು ಆಫೀಸು. ಅದರ ಬಾಗಿಲಲ್ಲಿ ಸಾತ್ವಿಕಾ ಮೊಬೈಲ್ ಎತ್ತಿ ಹಿಡಿದು ನಿಂತಿದ್ದಳು.

ಮೊಬೈಲಿನಲ್ಲಿ ಅವಳ ಅಮ್ಮ. ರೇಷ್ಮೆ ಸೀರೆಯುಟ್ಟು, ಮದುವೆ ಮಂಟಪದಲ್ಲಿ, ಚೆಲ್ಲಿದ ನೀರಿನ ನಡುವೆ ಜಾರಿ ಬಿದ್ದು ಕೂತ ಅಮ್ಮ! ಕೆಳಗೆ ದಪ್ಪ ಅಕ್ಷರಗಳಲ್ಲಿ, ‘ನಮ್ಮ ಪಾತ್ರೆಗಳು ಕೈ ಜಾರುವುದಿಲ್ಲ!’ ಅದರ ಕೆಳಗೆ ಬಿ.ಸಿ. ರೋಡಿನ ಪಾತ್ರೆ ಅಂಗಡಿಯೊಂದರ ಹೆಸರು. ಈ ಆಫೀಸಿನ ವಿಳಾಸ ಕೊಟ್ಟದ್ದೂ ಆ ಅಂಗಡಿಯವರೇ.

ಮೂಲೆಯ ಕಂಪ್ಯೂಟರಿನ ಮುಂದಿದ್ದ ಯುವಕ ಎದ್ದು ನಿಂತ.

“ನಾನು. ಉಜ್ವಲ್ ಅಂತ.”

ತಪ್ಪನ್ನು ಒಬ್ಬರ ಮೇಲೊಬ್ಬರು ಹಾಕುತ್ತಾರೆ, ಆಗ ಎಲ್ಲರಿಗೂ ಸೇರಿಸಿ ಉಗಿಯಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು ಪಾಪ. ಅವನು ಇಷ್ಟು ಸಲೀಸಾಗಿ ಒಪ್ಪಿಕೊಂಡದ್ದು ಕಂಡು ಅವಳಿಗೆ ಅಳುವೇ ಬಂತು.

“ಇದು ಯಾರೂಂತ ಗೊತ್ತುಂಟಾ ನಿಮಗೆ?”

“ಇಲ್ಲ...”

“ನನ್ನ ಅಮ್ಮ.”

ಉಜ್ವಲನ ಮುಖ ಬಿಳಚಿಕೊಂಡಿತು. ಅಷ್ಟರಲ್ಲಿ ಒಳಗಿನಿಂದ ಆಫೀಸಿನ ಮಾಲೀಕ ಶಶಿಕಿರಣ ನಗುತ್ತಾ ಬಂದ.

“ಮೇಡಂ, ಬೇಜಾರು ಮಾಡ್ಬೇಡಿ. ಇದು ನಮ್ಮ ಕೆಲಸ. ಊರಲ್ಲಿ ಎಂತ ವೈರಲ್ ಆದ್ರೂ ಅದರ ಬಿಸಿ ಆರುವ ಮೊದಲು ನಮ್ಮ ಅಂಗಡಿಯವರ ಪೋಸ್ಟ್ ಬರ್ಬೇಕು. ಜನ ಎರಡು ದಿನ ನಗ್ತಾರೆ, ಮತ್ತೆ ಮರೀತಾರೆ.”

“ನಗುವವರು ಮರೀತಾರೆ. ನಮಗೆ ಮರೆಯಲಿಕ್ಕೆ ಆಗ್ತದಾ?”

ಅವಳು ಮೆಟ್ಟಿಲಿಳಿದು ಹೋದಳು. ಕೊನೆಯ ಮೆಟ್ಟಿಲು ಮುಟ್ಟುವ ಮೊದಲೇ ಉಜ್ವಲ್ ಆ ಪೋಸ್ಟನ್ನು ಅಳಿಸಿದ್ದ. ಅಳಿಸಿ ಏನು ಬಂತು? ಅಷ್ಟು ಹೊತ್ತಿಗೆ ಅದನ್ನು ಸೋಡಾದವರು, ಮೊಬೈಲ್ ಅಂಗಡಿಯವರು, ಯಾರ್ಯಾರೋ ಎತ್ತಿಕೊಂಡಾಗಿತ್ತು.

ನಡೆದದ್ದು ಇಷ್ಟೇ. ಸಾತ್ವಿಕಾಳ ತಂಗಿ ನವ್ಯಾಳ ಮದುವೆ. ಅಪ್ಪ ಇಲ್ಲ. ಧಾರೆ ಎರೆಯುವುದು ದಂಪತಿಯ ಕೆಲಸ, ವಿಧವೆಯ ಕೈಗೆ ಗಿಂಡಿ ಕೊಡುವ ಕ್ರಮ ಇಲ್ಲ. ಮಾವ, ಅತ್ತೆ ಸಿದ್ಧರಾಗಿ ನಿಂತಿದ್ದರು. ಅಮ್ಮ ನೀಲಾವತಿ ಕಂಬದ ಹಿಂದೆ ನಿಂತು ನೋಡುತ್ತಿದ್ದರು.

ಸಾತ್ವಿಕಾಳಿಗೆ ತಡೆಯಲಾಗಲಿಲ್ಲ. “ಹೆತ್ತವಳು ಇರುವಾಗ ಬೇರೆಯವರು ಯಾಕೆ?” ಎಂದು ಅಮ್ಮನ ಕೈ ಹಿಡಿದು ಮಂಟಪಕ್ಕೆ ಎಳೆದು ತಂದಳು. ಇಡೀ ಹಾಲ್ ತಮ್ಮನ್ನೇ ನೋಡುವಾಗ ಆ ಕೈ ನಡುಗದೆ ಇರುತ್ತದೆಯೇ? ಗಿಂಡಿ ಜಾರಿತು. ಚೆಲ್ಲಿದ ನೀರಿನಲ್ಲಿ ಕಾಲೂ ಜಾರಿತು. ಗಲ್ಫಿನ ಬಂಧುಗಳಿಗೆಂದು ಇಟ್ಟಿದ್ದ ಲೈವ್ ಕ್ಯಾಮೆರಾ ಎಲ್ಲವನ್ನೂ ನೋಡುತ್ತಿತ್ತು. ಯಾರೋ ಪುಣ್ಯಾತ್ಮರು ಅದನ್ನು ಕತ್ತರಿಸಿ, ನಗೆಯ ಸಂಗೀತ ಕೂರಿಸಿ ಬಿಟ್ಟರು.

ಸಂಬಂಧಿಕರು ಪಿಸುಗುಟ್ಟಿದರು, “ಗಂಡ ಇಲ್ಲದವಳು ಗಿಂಡಿ ಮುಟ್ಟಿದ್ದಕ್ಕೇ ಹಾಗಾದದ್ದು.”

ನೀಲಾವತಿ ಅದನ್ನು ನಂಬಿಬಿಟ್ಟರು. ಮಡಂತ್ಯಾರಿನ ಮನೆಯ ಹೊಸ್ತಿಲು ದಾಟುವುದನ್ನೇ ಬಿಟ್ಟರು. ನವ್ಯಾ ಕರೆದರೆ, “ನನ್ನ ನೆರಳು ನಿನ್ನ ಮನೆಗೆ ಬೇಡ ಮಗಾ” ಎಂದು ಫೋನ್ ಇಡುತ್ತಿದ್ದರು.

‘ನಾನೇ ಅಲ್ಲವೇ ಎಳೆದು ತಂದದ್ದು...’ ಸಾತ್ವಿಕಾ ಲ್ಯಾಬಿನಲ್ಲಿ ಜನರ ರಕ್ತ ತೆಗೆಯುವಾಗಲೂ ಅದೇ ಯೋಚನೆ. ಉಜ್ವಲನ ಮೇಲೆ ಹರಿಹಾಯ್ದ ಸಿಟ್ಟಿನಲ್ಲಿ ಅರ್ಧ ತನ್ನ ಮೇಲಿನದೇ ಎಂದು ಅವಳಿಗೂ ಗೊತ್ತಿತ್ತು.

ಆ ಭಾನುವಾರ ಉಜ್ವಲ್ ಅವರಿವರನ್ನು ಕೇಳಿಕೊಂಡು ಮನೆಗೇ ಬಂದ. ಅಂಗಳದಲ್ಲೇ ನಿಂತ.

“ಅಮ್ಮಾ, ಆ ವಿಡಿಯೋದಲ್ಲಿ ನನಗೆ ಕಂಡದ್ದು ಜಾರಿದ ಗಿಂಡಿ ಮಾತ್ರ. ನಿಮ್ಮನ್ನು ನಾನು ನೋಡಲೇ ಇಲ್ಲ. ತಪ್ಪಾಯಿತು.”

ನೀಲಾವತಿ ಒಳಗೆ ಹೋಗಿ ಬೆಲ್ಲ, ನೀರು ತಂದಿಟ್ಟರು.

ಮತ್ತಿನ ಭಾನುವಾರವೂ ಬಂದ. ಒಮ್ಮೆ ಬಂಗುಡೆ ತಂದ, ಒಮ್ಮೆ ಕೆಟ್ಟು ಹೋಗಿದ್ದ ಪಂಪ್ ರಿಪೇರಿ ಮಾಡಿಸಿದ. ಸಾತ್ವಿಕಾ ಮೊದಮೊದಲು ಮುಖ ತಿರುಗಿಸಿದಳು, ಆಮೇಲೆ ಚಹಾ ಕೊಟ್ಟಳು, ಆಮೇಲಾಮೇಲೆ ಭಾನುವಾರ ಬೆಳಗ್ಗೆ ಸುಮ್ಮಸುಮ್ಮನೆ ಗೇಟಿನ ಕಡೆ ನೋಡತೊಡಗಿದಳು. ಒಂದು ದಿನ ಅವನ ಯಾವುದೋ ಮಾತಿಗೆ ಅಮ್ಮ ನಕ್ಕೇಬಿಟ್ಟರು! ಅವನು ಪಟ್ಟನೆ ಫೋಟೋ ತೆಗೆದು ಅಮ್ಮನ ಮೊಬೈಲಿಗೆ ಕಳಿಸಿದ.

ಹೊರಡುವಾಗ ಗೇಟಿನ ಹತ್ತಿರ ನಿಂತು ಹೇಳಿದ, “ಮುಂದಿನ ವಾರ ನಿಮ್ಮ ಹತ್ರ ಒಂದು ವಿಷಯ ಹೇಳಲಿಕ್ಕುಂಟು.”

ಸಾತ್ವಿಕಾಳ ಕೆನ್ನೆ ಬಿಸಿಯಾಯಿತು.

ಆದರೆ ಆ ವಾರ ಮುಗಿಯುವ ಮೊದಲೇ ಪಾತ್ರೆ ಅಂಗಡಿಯ ಹೊಸ ಪೋಸ್ಟ್ ಬಂತು. ಅಮ್ಮನ ಅದೇ ನಗು, ಅದೇ ಫೋಟೋ! ‘ಕ್ಷಮಿಸಿ ಅಮ್ಮಾ! ಈ ವಾರ ಎಲ್ಲ ಅಮ್ಮಂದಿರಿಗೂ ವಿಶೇಷ ರಿಯಾಯಿತಿ.’

ಸಾತ್ವಿಕಾ ತಕ್ಷಣ ಉಜ್ವಲನಿಗೆ ಫೋನ್ ಮಾಡಿದಳು.

“ಅದು ನೀವು ತೆಗೆದ ಫೋಟೋ ಅಲ್ವಾ?”

“ಹೌದು... ಆದರೆ...”

“ಆದರೆ?”

“ಫೋಟೋ ನಾನೇ ತೆಗೆದದ್ದು.”

“ಅಂದ್ರೆ ಕ್ಷಮೆ ಕೇಳಲಿಕ್ಕೆ ಬಂದದ್ದೂ ಜಾಹೀರಾತಿಗೇ! ನಮ್ಮ ಅಳುವೂ ನಿಮಗೆ ಬೇಕು, ನಗುವೂ ನಿಮಗೆ ಬೇಕು... ಇನ್ನು ಈ ಕಡೆ ಬರಬೇಡಿ.”

“ಆಯ್ತು,” ಎಂದ ಉಜ್ವಲ್. ಅಷ್ಟೇ.

ಒಂದು ಸಮರ್ಥನೆ, ಒಂದು ಸುಳ್ಳಾದರೂ ಹೇಳಬಾರದಿತ್ತೇ? ಆಮೇಲಿನ ಭಾನುವಾರಗಳು ಬಂದು ಹೋದವು. ಸಾತ್ವಿಕಾ ಗೇಟಿನ ಕಡೆ ನೋಡಲಿಲ್ಲ. ಊಟ ಸೇರಲಿಲ್ಲ. ಬಚ್ಚಲಲ್ಲಿ ನೀರಿನ ನಲ್ಲಿ ಬಿಟ್ಟು ಅತ್ತಳು. ಅತ್ತದ್ದು ಯಾರಿಗೂ ಗೊತ್ತಾಗಿಲ್ಲ ಎಂದುಕೊಂಡಳು. ಹೆತ್ತವರಿಗೆ ಗೊತ್ತಾಗದೆ ಇರುತ್ತದೆಯೇ?

ಒಂದು ಸಂಜೆ ನೀಲಾವತಿ ಅವಳ ಪಕ್ಕ ಬಂದು ಕೂತರು.

“ಆ ಫೋಟೋ ಕೊಟ್ಟದ್ದು ನಾನು.”

“ಎಂತ ಹೇಳ್ತೀರಿ ಅಮ್ಮಾ?”

“ನೀನು ಡ್ಯೂಟಿಯಲ್ಲಿರುವಾಗ ಅವನ ಆಫೀಸಿನ ಶಶಿಕಿರಣ ಬಂದಿದ್ದರು. ಪೋಸ್ಟ್ ಅಳಿಸಿದ್ದಕ್ಕೆ ಅಂಗಡಿಯವರಿಗೆ ಸಿಟ್ಟು ಬಂದಿದೆ, ಒಂದು ಒಳ್ಳೆ ಫೋಟೋ ಕೊಟ್ಟರೆ ಉಜ್ವಲನ ಕೆಲಸ ಉಳೀತದೆ ಅಂದ್ರು. ನನ್ನಿಂದಾಗಿ ಆ ಹುಡುಗನ ಅನ್ನ ಹೋಗುವುದು ಬೇಡ ಅಂತ ಕೊಟ್ಟೆ.”

“ಉಜ್ವಲ್ ಅವರಿಗೆ ಗೊತ್ತಿತ್ತಾ?”

“ಪೋಸ್ಟ್ ಬಂದ ಮೇಲೆಯೇ ಗೊತ್ತಾದದ್ದು. ಅದೇ ದಿನ ಕೆಲಸ ಬಿಟ್ಟ. ನನಗೆ ಫೋನ್ ಮಾಡಿ, ‘ನೀವು ಕೊಟ್ಟದ್ದು ಅಂತ ಸಾತ್ವಿಕಾಗೆ ಹೇಳಬೇಡಿ ಅಮ್ಮಾ, ಸಿಟ್ಟು ನನ್ನ ಮೇಲೆಯೇ ಇರಲಿ’ ಅಂದ. ನಾನು ಹೆದರಿ ಬಾಯಿ ಮುಚ್ಚಿದೆ ಮಗಾ... ಆದರೆ ನೀನು ಹೀಗೆ ಸೊರಗುವುದನ್ನು ನೋಡಲಿಕ್ಕೆ ಆಗುವುದಿಲ್ಲ.”

ಸಾತ್ವಿಕಾ ಅಮ್ಮನ ಮಡಿಲಲ್ಲಿ ಮುಖ ಹುದುಗಿಸಿದಳು. ‘ದೇವರೇ, ಎಂಥ ಮಾತು ಆಡಿಬಿಟ್ಟೆ ನಾನು!’

“ಈಗ ಎಲ್ಲಿದ್ದಾರೆ?”

“ಗುರುವಾಯನಕೆರೆಯಲ್ಲಿ. ಅವನ ಮಾವನ ಹೋಟೆಲಿನಲ್ಲಿ.” ನೀಲಾವತಿ ಸೆರಗು ಸರಿ ಮಾಡಿಕೊಂಡರು. “ನಾಳೆ ಹೋಗುವ. ನಾನೂ ಬರ್ತೇನೆ.”

ಮದುವೆಯ ದಿನದ ನಂತರ ಮೊದಲ ಸಲ ಅಮ್ಮ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಸಾತ್ವಿಕಾಳ ಕೈ ಬಿಡಲಿಲ್ಲ.

ಹೋಟೆಲಿನಲ್ಲಿ ಜನ ತುಂಬಿದ್ದರು. ಗಲ್ಲಾದಲ್ಲಿದ್ದ ಉಜ್ವಲ್ ಇವರನ್ನು ಕಂಡು ಎದ್ದೇ ನಿಂತ. ತೆಳ್ಳಗಾಗಿದ್ದ.

ಪಕ್ಕದ ಟೇಬಲಿನಲ್ಲಿ ಒಬ್ಬ ಪಿಸುಗುಟ್ಟಿದ, “ಹೇ, ಅದು ಧಾರೆಯಲ್ಲಿ ಬಿದ್ದವರಲ್ವಾ ಮಾರಾಯ?” ಮೊಬೈಲ್ ಮೇಲಕ್ಕೆ ಬಂತು.

ಉಜ್ವಲ್ ಓಡಿ ಬಂದು ಮೊಬೈಲಿಗೂ ನೀಲಾವತಿಗೂ ನಡುವೆ ನಿಂತ. “ಅದನ್ನು ಕೆಳಗಿಡಿ!”

ನೀಲಾವತಿ ಕುರ್ಚಿ ಎಳೆದು ಕೂತರು. “ತೆಗೆಯಲಿ ಬಿಡು ಮಗಾ. ಮಗಳ ಧಾರೆಗೆ ಹೋದದ್ದು ನಾನು, ಕದಿಯಲಿಕ್ಕೆ ಹೋದದ್ದಲ್ಲ. ನೀವಿಬ್ಬರು ಮಾತಾಡಿ ಬನ್ನಿ. ನನಗೆ ಒಂದು ಚಹಾ ಹೇಳು.”

ಮೊಬೈಲ್ ತಾನಾಗಿಯೇ ಕೆಳಗಿಳಿಯಿತು.

ಹೋಟೆಲಿನ ಹಿಂದೆ, ಸೌದೆ ರಾಶಿಯ ಪಕ್ಕ ಇಬ್ಬರೂ ನಿಂತರು.

“ನನ್ನನ್ನು ಕ್ಷಮಿಸಿ ಅಂತ ಕೇಳಲಿಕ್ಕೂ ನಾಚಿಕೆ ಆಗ್ತದೆ,” ಎಂದಳು ಸಾತ್ವಿಕಾ. “ಏನಾದರೂ ಹೇಳಿ... ಊರಿನ ಸುದ್ದಿಗೆಲ್ಲ ಬಿಸಿ ಆರುವ ಮೊದಲು ಮಾತು ಕಟ್ಟುವವರು ನೀವು.”

“ನಿಮ್ಮ ಮುಂದೆ ಒಂದೂ ಬರುವುದಿಲ್ಲ.”

“ಹಾಗಾದ್ರೆ ನಾನೇ ಹೇಳ್ತೇನೆ.” ಅವಳ ಕಣ್ಣು ತುಂಬಿತು. “ನೀವಿಲ್ಲದೆ ನನಗೆ ಆಗುವುದಿಲ್ಲ.”

ಉಜ್ವಲ್ ಅವಳ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡ.

“ಇದಕ್ಕೆ... ನಾಳೆ ಉತ್ತರ ಕೊಡಬಹುದಾ?”

“ಯಾಕೆ?”

“ಅವಸರದಲ್ಲಿ ಬರೆದು ನಿಮ್ಮನ್ನು ಅಳುವ ಹಾಗೆ ಮಾಡಿದವ ನಾನು. ಈ ಒಂದು ಮಾತನ್ನಾದರೂ ನಿಧಾನ ಯೋಚಿಸಿ, ಚಂದ ಮಾಡಿ ಹೇಳಬೇಕು.”

ಸಾತ್ವಿಕಾ ಅಳುತ್ತಲೇ ನಕ್ಕಳು. ಅವನು ಹಿಡಿದ ಕೈಯನ್ನು ಬಿಡಿಸಿಕೊಳ್ಳಲಿಲ್ಲ.

“ಆಗಲಿ. ನಾಳೆ ಬರ್ತೇನೆ. ನಾಳೆಯೂ ಆಗದಿದ್ದರೆ ನಾಡಿದ್ದು ಬರ್ತೇನೆ.”