ತೂತು ಮುಚ್ಚುವ ವಂಶ

ತಾನು ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಕೊಳೆಯುತ್ತಿರುವುದಕ್ಕೆ ಒಬ್ಬ ಹುಚ್ಚ ಹಾಕಿದ ಸಹಿಯೇ ಕಾರಣ ಎಂಬುದರಲ್ಲಿ ಹಳೆಯ ಪುಸ್ತಕಗಳಿಗೆ ರಟ್ಟು ಕಟ್ಟುವ ಬೈಂಡರನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಆ ಹುಚ್ಚ ಅವನ ಮುತ್ತಜ್ಜ. ಹತ್ತೊಂಬತ್ತನೆಯ ಶತಮಾನದಲ್ಲಿ ಗಡಿಯಾರ ರಿಪೇರಿ ಮಾಡಿಕೊಂಡು ಮರ್ಯಾದೆಯಿಂದ ಇದ್ದ ಮನುಷ್ಯನಿಗೆ ನಲವತ್ತು ದಾಟಿದ ಮೇಲೆ ತೂತುಗಳ ಭಯ ಹತ್ತಿತು. ಪ್ರತಿ ತೂತಿನ ಹಿಂದೆಯೂ ಒಂದು ಕಣ್ಣಿದೆ ಎಂದು ಬೀಗದ ತೂತಿಗೆ, ಗೋಡೆಯ ಬಿರುಕಿಗೆ, ಕೊನೆಗೆ ಗಿರಾಕಿಗಳ ಗಡಿಯಾರಕ್ಕೆ ಕೀ ಕೊಡುವ ತೂತಿಗೂ ಕಾಗದ ಅಂಟಿಸತೊಡಗಿದ. ಮಗ ಅವನನ್ನು ಹುಚ್ಚಾಸ್ಪತ್ರೆಗೆ ಸೇರಿಸಿ ಕೈತೊಳೆದುಕೊಂಡ. ಮಗಳು ಆರು ವರ್ಷ, ತಿಂಗಳಿಗೊಮ್ಮೆ ತಪ್ಪದೆ ಹೋಗಿ ನೋಡಿ ಬಂದಳು. ಗುಣವಾಗಿ ಹೊರಗೆ ಬಂದವನು ಮನೆಯನ್ನು ಮಗಳಿಗೆ ಬರೆದುಕೊಟ್ಟು, ವಾರದೊಳಗೆ ಕಣ್ಣು ಮುಚ್ಚಿದ. ಬೈಂಡರ್ ಹುಟ್ಟಿದ್ದು ಮಗನ ಕಡೆ. ಅದೂ ಮುತ್ತಜ್ಜನದೇ ತಪ್ಪು.

ಈಗ ಆ ಮನೆಯಲ್ಲಿದ್ದವರು ಆ ಮಗಳ ವಂಶದವರು, ಬೈಂಡರನಿಗೆ ವರಸೆಯಲ್ಲಿ ಅತ್ತೆ. ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತ, ಬಿಡುವಾದಾಗ ಹಳೆಯ ಟ್ರಂಕಿನಿಂದ ಕಾಗದಗಳನ್ನು ತೆಗೆದು ಮುತ್ತಜ್ಜನ ಜೀವನಚರಿತ್ರೆ ಬರೆಯುತ್ತಿದ್ದರು. ಅವನ ಹೆಂಡತಿಯ ಪತ್ರಗಳು, ಆಸ್ಪತ್ರೆಯ ವರದಿಗಳು, ಅವನದೇ ದಿನಚರಿ. ಬೈಂಡರ್ ಬಂದಾಗಲೆಲ್ಲ ಅದೇ ರಾಗ ಎಳೆಯುವುದನ್ನು ಕೇಳಿ ಕೇಳಿ ಒಮ್ಮೆ ಹೇಳಿದ್ದರು.

"ಸಹಿ ಹಾಕಿದ ದಿನ ಅವನಿಗೆ ತಲೆ ನೆಟ್ಟಗಿರಲಿಲ್ಲ ಅಂತ ಈ ಕಾಗದದಲ್ಲಿ ಎಲ್ಲಾದ್ರೂ ತೋರಿಸು. ಅರ್ಧ ಮನೆ ನಿಂದು. ಕೋರ್ಟು ಗೀರ್ಟು ಏನೂ ಬೇಡ."

ಅತ್ತೆ ಆಡಿದ ಮಾತಿಗೆ ತಪ್ಪುವವರಲ್ಲ. ಇಂಥ ಪ್ರಾಮಾಣಿಕರು ಇರುವುದರಿಂದಲೇ ಲೋಕದಲ್ಲಿ ಅಪರಾಧಗಳು ಸುಸೂತ್ರವಾಗಿ ನಡೆಯುತ್ತವೆ ಎಂದು ಬೈಂಡರನಿಗೆ ಅನಿಸಿತು.

ಅವನಿಗೆ ಬೇಕಾದದ್ದನ್ನು ಅತ್ತೆಯೇ ತಂದು ಕೈಗಿಟ್ಟರು. ದಿನಚರಿಯ ಹೊಲಿಗೆ ಬಿಚ್ಚಿಹೋಗಿತ್ತು. "ಬೆನ್ನು ಮಾತ್ರ ಸರಿ ಮಾಡು," ಎಂದರು. "ಹುಳ ತಿಂದ ತೂತುಗಳು ಹಾಗೇ ಇರ್ಲಿ. ಪಾಪ, ಅವನು ಬದುಕೆಲ್ಲ ಮುಚ್ಚಿದ್ದು ಸಾಕು."

ದಿನಚರಿಯ ಕೊನೆಯ ಬರಹ ಸಹಿಯ ಹಿಂದಿನ ದಿನದ್ದು. 'ಗೋಡೆಯ ತೂತಿನಿಂದ ಬಿಸಿಲು ಒಳಗೆ ಬಂತು. ಮುಚ್ಚಲಿಲ್ಲ. ಚೆನ್ನಾಗಿತ್ತು.' ಇದನ್ನು ಓದಿ ಅತ್ತೆ ಅತ್ತಿದ್ದರಂತೆ. ಬೈಂಡರನಿಗೆ ಕಂಡದ್ದು ಅದರ ಮುಂದಿನ ಹಾಳೆ. ಅದು ತೇವಕ್ಕೆ ಹಿಂದಿನ ರಟ್ಟಿಗೆ ಅಂಟಿಕೊಂಡಿತ್ತು. ಅದರ ಒಳಮುಖವನ್ನು ನೂರು ವರ್ಷದಿಂದ ಯಾರೂ ನೋಡಿರಲಿಲ್ಲ. ಆವಿ ಹಿಡಿದು ಬಿಡಿಸಿದ. ಖಾಲಿಯಾಗಿತ್ತು. ಮುತ್ತಜ್ಜ ತನಗೂ ಏನೋ ಬಿಟ್ಟುಹೋಗಿದ್ದಾನೆ ಎಂದು ಮೊದಲ ಸಲ ಅವನ ಮೇಲೆ ಪ್ರೀತಿ ಉಕ್ಕಿತು.

ಹಳೆಯ ದಾಖಲೆಗಳ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಹರಿದ ಹಾಳೆಗಳನ್ನು ಜೋಡಿಸಿದವನಿಗೆ ಖೋಟಾ ಬರಹಗಾರರು ಎಲ್ಲಿ ಸಿಕ್ಕಿಬೀಳುತ್ತಾರೆಂದು ಬಾಯಿಪಾಠವಾಗಿತ್ತು. ಹೊಸ ಕಾಗದ ಬಳಸುತ್ತಾರೆ. ಇವನ ಕಾಗದ ಮುತ್ತಜ್ಜನದೇ. ಅಂಗಡಿಯ ಶಾಯಿ ಬಳಸುತ್ತಾರೆ. ಇವನು ಹಳೆಯ ಕ್ರಮದಲ್ಲಿ ಮೂರು ವಾರ ಕೂತು ಶಾಯಿ ಕಾಯಿಸಿದ. ಅವಸರಪಡುತ್ತಾರೆ, ಇವನು ನಾಲ್ಕು ತಿಂಗಳು ಮುತ್ತಜ್ಜನ ಅಕ್ಷರ ತಿದ್ದಿದ, ಕನಸಿನಲ್ಲೂ ಅದೇ ಓರೆ ಗೆರೆ ಬರುವವರೆಗೆ. ಆಮೇಲೆ ಒಂದು ಭಾನುವಾರ ಮಧ್ಯಾಹ್ನ ಹಾಳೆಯನ್ನು ಮೇಜಿನ ಮೇಲೆ ಹಾಕಿ, ಧೂಳು ಒರೆಸಿ, ಮಡಿಕೆ ಬಿಡಿಸಿ, ಹುಳ ತಿಂದ ಕಡೆ ಹಳೆಯ ಕಾಗದದ ಚೂರು ಕೂರಿಸಿ, ಭಾರ ಹೇರಿ ಒಣಗಿಸಿ, ಪೆನ್ನು ಎತ್ತಿಕೊಂಡ. ಒಂದು ಹನಿ ಶಾಯಿಯೂ ಚೆಲ್ಲಲಿಲ್ಲ. ಅದಕ್ಕೂ ಹೆಮ್ಮೆಪಟ್ಟ.

'ಇವತ್ತು ಎಲ್ಲರೂ ಸೇರಿ ಯಾವುದಕ್ಕೋ ಸಹಿ ಹಾಕಿಸಿಕೊಂಡರು. ಏನೆಂದು ತಿಳಿಯದು. ಗೋಡೆಯ ತುಂಬ ಮತ್ತೆ ಕಣ್ಣುಗಳು.'

ಮೂರೇ ಸಾಲು. ಹೆಚ್ಚು ಬರೆಯುವುದು ದಡ್ಡರ ಲಕ್ಷಣ. ಬರೆಯುವಾಗ ಅವನಿಗೆ ಒಂದೆರಡು ಸಲ ನಗುವೂ ಬಂತು. ಬುದ್ಧಿ ನೆಟ್ಟಗಿರುವ ಯಾವ ಮನುಷ್ಯ ಕಂಡ ಕಂಡ ತೂತಿಗೆಲ್ಲ ಕಾಗದ ಅಂಟಿಸುತ್ತಾನೆ?

ತಿಂಗಳು ಕಳೆದು ದಿನಚರಿಯನ್ನು ಅತ್ತೆಗೆ ಒಪ್ಪಿಸಿದ. "ಹಿಂದಿನ ರಟ್ಟಿಗೆ ಒಂದು ಹಾಳೆ ಅಂಟಿತ್ತು ಅತ್ತೆ. ಬಿಡಿಸಿದೆ. ಒಳಗೆ ಏನೋ ಬರೆದಿದೆ, ನೀವೇ ನೋಡಿ." ದನಿಯಲ್ಲಿ ಬೇಸರ ಎಷ್ಟು ಬೇಕೋ ಅಷ್ಟೇ ಬೆರೆಸಿದ್ದ.

ಅತ್ತೆ ಓದಿದರು. ಇನ್ನೊಮ್ಮೆ ಓದಿದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ವಾಸಿಯಾಗಿದ್ದ ಅಂತ ನಾನು ಬರೆದುಬಿಟ್ಟಿದ್ದೆನಲ್ಲೋ," ಎಂದರು. "ಕೊನೆಗೆ ನೆಮ್ಮದಿಯಾಗಿ ಹೋದ ಅಂತ." ಸೆರಗಿನ ಗಂಟು ಬಿಚ್ಚಿ ಮಹಡಿಯ ಕೋಣೆಗಳ ಬೀಗದ ಕೈ ತೆಗೆದು ಹೊಲಿಗೆ ಮೆಷಿನ್ನಿನ ಮೇಲಿಟ್ಟರು. "ಮಾತು ಕೊಟ್ಟಿದ್ದೆ. ತಗೋ."

ಬೈಂಡರ್ ತಕ್ಷಣ ಕೈ ಚಾಚಲಿಲ್ಲ. ಚಾಚಿದರೆ ಚೆನ್ನಾಗಿರುವುದಿಲ್ಲ. ಮಹಡಿಯ ಕಿಟಕಿಗಳಿಗೆ ಯಾವ ಬಣ್ಣ ಹೊಡೆಸುವುದೆಂದು ಯೋಚಿಸುತ್ತ, ದುಃಖದ ಮುಖ ಹಾಕಿಕೊಂಡು ಕೂತ.

ಅತ್ತೆಗೆ ಒಂದು ಅಭ್ಯಾಸ. ಕೈಗೆ ಬಂದ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುವುದು. ದಿನಚರಿಯನ್ನೂ ಹಾಗೆಯೇ ಕಿಟಕಿಯತ್ತ ಎತ್ತಿದರು. 'ಬಿಸಿಲು ಒಳಗೆ ಬಂತು' ಎಂದು ಬರೆದ ಹಾಳೆಯಲ್ಲಿ ಮೂರು ಕಡೆ ಬಿಸಿಲು ಬಂತು. ಹಿಂದಿನ ರಟ್ಟಿನಲ್ಲೂ, ಅದೇ ಜಾಗದಲ್ಲಿ, ಮೂರು ತೂತು. ನಡುವಿನ ಹಾಳೆ ಮಾತ್ರ ಮೊನ್ನೆ ಅಂಗಡಿಯಿಂದ ತಂದಷ್ಟು ಅಚ್ಚುಕಟ್ಟು. ಸೂಜಿ ತೆಗೆದು ಒಂದು ತೂತಿಗೆ ತೂರಿಸಿದರು. ಮೊದಲ ಹಾಳೆ ದಾಟಿ ಎರಡನೆಯದಕ್ಕೆ ತಾಗಿ ನಿಂತಿತು. "ಇದೇನೋ ಇದು, ಹುಳ ಇದೊಂದು ಹಾಳೆನ ಬಿಟ್ಟು ಹಾರ್ಕೊಂಡು ಹೋಯ್ತಾ?" ಇಪ್ಪತ್ತೆರಡು ವರ್ಷದ ಕೈಚಳಕವನ್ನು ಹುಳದ ಲೆಕ್ಕಕ್ಕೆ ಬಿಡುವುದು ಬೈಂಡರನಿಂದ ಆಗಲಿಲ್ಲ. "ಇಲ್ಲ ಅತ್ತೆ, ಇದಕ್ಕೂ ಮೂರು ತೂತಿತ್ತು. ಹೋದ ತಿಂಗಳು ನಾನೇ ಮುಚ್ಚಿದ್ದು. ಮುಟ್ಟಿದ್ರೂ ಗೊತ್ತಾಗಲ್ಲ, ನೋಡಿ." ಅತ್ತೆ ಹಾಳೆ ತಿರುವಿ, ಸೂಜಿ ನಿಂತಿದ್ದ ಜಾಗಕ್ಕೆ ಸರಿಯಾಗಿ ಈಚೆ ಬದಿಯಲ್ಲಿ ಬೆರಳಿಟ್ಟು, ಅಲ್ಲಿದ್ದ ಅಕ್ಷರಗಳನ್ನು ಓದಿಕೊಂಡರು. ಬೀಗದ ಕೈಯನ್ನು ಮತ್ತೆ ಸೆರಗಿಗೆ ಗಂಟು ಹಾಕಿಕೊಂಡರು. "ನಿಜ ಕಣೋ, ಗೊತ್ತೇ ಆಗಲ್ಲ," ಎಂದರು ಮೆಲ್ಲಗೆ. "ಆದ್ರೆ ನೀನು ಹೋದ ತಿಂಗಳು ಅಂಟಿಸಿದ ಚೂರಿನ ಮೇಲೆ ಮುತ್ತಜ್ಜ ಯಾವಾಗ ಬಂದು ಬರೆದ?"