ಎರಡು ಲ್ಯಾಪ್‌ಟಾಪ್, ಒಂದು ನೀಲಿ ವೈರ್

ಕಾಲಡಿಯ ಮಂಜುಗಡ್ಡೆ ಚಟ್ಟೆಂದಿತು.

ನಾನು ನಿಲ್ಲಲಿಲ್ಲ. ಏಪ್ರಿಲ್ ತಿಂಗಳ ಕೆರೆಯ ಮೇಲೆ ನಿಂತವರು ನೇರ ಕೆಳಗೆ ಹೋಗುತ್ತಾರೆ. ಸ್ಕೀ ಜಾರಿಸುತ್ತಲೇ ಇದ್ದೆ. ಹಿಂದೆ ಹಿಮ ಸ್ಕೂಟರಿನ ಸದ್ದು... ಹತ್ತಿರವಾಗುತ್ತಿತ್ತು.

ಈ ಬೆಟ್ಟದಲ್ಲಿ ಅನುಮತಿಯಿಲ್ಲದೆ ಸ್ಕೂಟರ್ ಓಡಿಸುವುದು ಅಪರಾಧ. ಐಲಿಫ್ ನಾನು ಕಂಡ ಹತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ಕೆಂಪು ದೀಪ ದಾಟಿದವನಲ್ಲ. ಅಂಥವನು ಹಾಡುಹಗಲೇ ಸ್ಕೂಟರ್ ಏರಿ ಬಂದಿದ್ದಾನೆ ಎಂದರೆ, ಇಂದು ಯಾವುದಕ್ಕೂ ಹೇಸುವುದಿಲ್ಲ.

ದಡಕ್ಕೆ ಹತ್ತು ಮೀಟರ್ ಇರುವಾಗ ಎಡಗಾಲು ಒಳಗೆ ಹೋಯಿತು.

ಸೊಂಟದವರೆಗೆ ನೀರು! ಮೊಣಕೈ ಊರಿ, ಸೀಲ್ ಪ್ರಾಣಿಯ ಹಾಗೆ ಹೊಟ್ಟೆಯ ಮೇಲೆ ತೆವಳಿ ದಡ ಹತ್ತಿದೆ. ಜೇಬಿನಲ್ಲಿದ್ದ ಫೋನ್ ಸತ್ತಿತ್ತು. ನಾನು ಸತ್ತಿರಲಿಲ್ಲ. ಐಲಿಫ್ ಸ್ಕೂಟರ್ ನಿಲ್ಲಿಸಿ ಮುರಿದ ಮಂಜನ್ನು ನೋಡಿದ. ಭಾರದ ಗಾಡಿ. ಕೆರೆ ಸುತ್ತಿ ಬರಲು ತಿರುಗಿಸಿದ.

ನನಗೆ ಹತ್ತು ನಿಮಿಷ ಸಿಕ್ಕಿತು.

ಐಲಿಫ್ ಯಾರು ಎಂದಿರಾ? ನನ್ನ ಪಾರ್ಟ್‌ನರ್. ಓಲೆಸುನ್ ಪಟ್ಟಣದಲ್ಲಿ ನಮ್ಮದು ಇಬ್ಬರೇ ಇರುವ ಪತ್ತೇದಾರಿ ಆಫೀಸು. ಈ ಸಲ ಕೆಲಸ ಕೊಟ್ಟವರು ಫೆರ್ರಿ ನೌಕರರ ಸಂಘದವರು. ಹೊಸ ಫೆರ್ರಿಯ ಬೆಸುಗೆಗಳು ಕಳಪೆ ಎಂದು ಅದನ್ನು ಕಟ್ಟಿದ ಹಡಗು ಯಾರ್ಡಿನ ಒಬ್ಬಳು ಬೆಸುಗೆಗಾರ್ತಿ ನನಗೆ ಗುಟ್ಟಾಗಿ ಹೇಳಿದ್ದಳು. ಹೆಸರು ಸಿನ್ನೋವೆ. ಮಂಗಳವಾರ ತನಿಖಾಧಿಕಾರಿಯ ಮುಂದೆ ಅವಳು ಸಾಕ್ಷಿ ಹೇಳಬೇಕು. ಹೇಳದಿದ್ದರೆ ಬುಧವಾರ ಆ ಫೆರ್ರಿ ಜನರನ್ನು ತುಂಬಿಕೊಂಡು ಹೊರಡುತ್ತದೆ.

ಅವಳ ಹೆಸರು ಇದ್ದದ್ದು ನನ್ನ ಲ್ಯಾಪ್‌ಟಾಪಿನಲ್ಲಿ ಮಾತ್ರ. ಐಲಿಫನಿಗೂ ಹೇಳಿರಲಿಲ್ಲ. ಆಫೀಸಿನ ನೆಟ್‌ವರ್ಕಿನೊಳಗೆ ಯಾರ್ಡಿನವರು ಇಣುಕುತ್ತಿದ್ದಾರೆ ಎಂಬ ಗುಮಾನಿ ನಮಗಿತ್ತು. ಅದಕ್ಕೇ ಈಸ್ಟರ್ ರಜೆಯಲ್ಲಿ ಐಲಿಫನ ಬೆಟ್ಟದ ಮನೆಗೆ ಬಂದೆವು. ಇಲ್ಲಿ ಸಿಗ್ನಲ್ ಇಲ್ಲ. ಎರಡು ಲ್ಯಾಪ್‌ಟಾಪಿಗೆ ಒಂದು ನೀಲಿ ವೈರ್ ಸಿಕ್ಕಿಸಿ ಬೆಸುಗೆಯ ಫೋಟೊಗಳನ್ನು ಹಂಚಿಕೊಂಡೆವು. ಒಂದು ಫೋಲ್ಡರ್ ತೆರೆದಿದ್ದರೆ ಸಾಕಿತ್ತು. ನಾನು ಇಡೀ ಡ್ರೈವ್ ತೆರೆದಿಟ್ಟೆ. ಪಾಸ್‌ವರ್ಡ್? ಹತ್ತೊಂಬತ್ತು ವರ್ಷದ ಗೆಳೆಯನಿಗೆ ಎಂಥ ಪಾಸ್‌ವರ್ಡ್.

ಆಮೇಲೆ ಕಿತ್ತಳೆ ಹಣ್ಣು ಹಿಡಿದು ಹೊರಗೆ ಹೋದೆ. ಈಸ್ಟರ್ ಬಿಸಿಲು ಗೋಡೆಗೆ ಬಿದ್ದಾಗ ನಮ್ಮಲ್ಲಿ ಯಾರೂ ಒಳಗೆ ಕೂರುವುದಿಲ್ಲ. ಗೋಡೆಗೆ ಒರಗಿದೆ. ನಿದ್ದೆ ಬಂತು.

ವಾರ ಕಳೆಯುವುದರೊಳಗೆ ಸಿನ್ನೋವೆಯ ಮನೆಯ ಕಿಟಕಿ ಒಡೆಯಿತು. ಅವಳ ಹೆಸರು ಯಾರ್ಡಿನವರ ಬಾಯಲ್ಲಿತ್ತು. ಬೆಟ್ಟದಲ್ಲಿದ್ದ ಆ ಶುಕ್ರವಾರ ಮಧ್ಯಾಹ್ನ 2.14ಕ್ಕೆ ಅವಳ ಹೆಸರಿದ್ದ ಫೈಲ್ ಯಾವುದೋ ಯಂತ್ರಕ್ಕೆ ಹೋಗಿದೆ ಎಂದು ನನ್ನ ಲ್ಯಾಪ್‌ಟಾಪ್ ಹೇಳಿತು. ಯಾರ ಯಂತ್ರ ಎಂದು ಹೇಳಲಿಲ್ಲ. ಐಲಿಫನ ಲ್ಯಾಪ್‌ಟಾಪ್ ದೋಣಿಯಿಂದ ಫ್ಯೋರ್ಡಿನ ನೀರಿಗೆ ಬಿದ್ದಿತ್ತಂತೆ. ಈಸ್ಟರಿಗೆ ತಾನು ಟ್ರೋನ್‌ಹೈಮ್‌ನಲ್ಲಿ ತಂಗಿಯ ಮನೆಯಲ್ಲಿದ್ದೆ, ಬೆಟ್ಟಕ್ಕೆ ಬಂದೇ ಇಲ್ಲ ಎಂದು ಎಲ್ಲರ ಮುಂದೆ ಹೇಳಿದ. ನಾನೇ ಅವಳ ಹೆಸರು ಮಾರಿಕೊಂಡೆ ಎಂದು ನಂಬಿದ ಸಿನ್ನೋವೆ, ಇನ್ನು ಬಾಯಿ ತೆರೆಯುವುದಿಲ್ಲ ಎಂದಳು.

ನಿನ್ನೆ ಅವನ ತಂಗಿಗೆ ಫೋನ್ ಮಾಡಿದೆ. ಅದೇ ತಪ್ಪಾಯಿತು. ಅವಳು ಅಣ್ಣನಿಗೆ ಹೇಳಿದಳು.

ಆದರೆ ಬೆಟ್ಟದ ಮನೆಗೆ ಒಂದು ಪುಸ್ತಕ ಇರುತ್ತದೆ. ಬಂದವರು ತಾರೀಕು, ಹವೆ, ಯಾರ್ಯಾರು ಬಂದರು, ಏನು ಒಯ್ದರು ಎಂದು ಬರೆದೇ ಹೊರಡಬೇಕು. ಕಳ್ಳನಾದರೂ ಬರೆಯುತ್ತಾನೆ. ಐಲಿಫ್ ಬರೆದಿದ್ದ. ಅದನ್ನು ತರಲೆಂದೇ ಇಂದು ಕೆರೆ ದಾಟಿದ್ದು.

ಸೂರಿನ ಕೆಳಗಿನ ಮೊಳೆಯಿಂದ ಕೀಲಿ ತೆಗೆದೆ. ಒಲೆ ಹೊತ್ತಿಸಿದೆ. ಪುಸ್ತಕ ಓದಿದೆ. ಸ್ಕೂಟರಿನ ಸದ್ದು ಬಾಗಿಲಿಗೆ ಬಂದಾಗ ಅದನ್ನು ಅವನ ಹಾಳೆಗೇ ತೆರೆದು ಮೇಜಿನ ಮೇಲಿಟ್ಟೆ.

ಅವನು ಸೌದೆ ಕೊಡಲಿ ಹಿಡಿದು ಒಳಗೆ ಬಂದ. ಬೂಟಿನ ಹಿಮವನ್ನು ಮಾತ್ರ ಹೊರಗೇ ಕೊಡವಿದ್ದ.

“ಒದ್ದೆಯಾಗಿದ್ದೀಯಲ್ಲೇ,” ಎಂದ.

“ನಿನ್ನ ಲ್ಯಾಪ್‌ಟಾಪಿನಷ್ಟಲ್ಲ.”

ನಗಲಿಲ್ಲ. “ನಿನ್ನ ಸ್ಕೀ ನನ್ನ ಸ್ಕೂಟರಿಗೆ ಕಟ್ಟಿದ್ದೀನಿ, ಗುನ್ವೋರ್. ರಸ್ತೆಗೆ ಹದಿಮೂರು ಕಿಲೋಮೀಟರ್. ಸೊಂಟದವರೆಗೆ ಹಿಮ. ನಿನ್ನ ಹೊರಗೆ ಹಾಕಿ, ಈ ಮನೆಗೆ ಬೀಗ ಹಾಕ್ಕೊಂಡು ಹೋಗ್ತೀನಿ. ಒಬ್ಬಳೇ ಕೆರೆ ದಾಟೋಕೆ ಹೋದಳು, ಪಾಪ ಅಂತಾರೆ ಜನ.” ರೇಡಿಯೊದಲ್ಲಿ ಹವಾ ವರದಿ ಓದಿದ ಹಾಗಿತ್ತು. “ಹಾಳೆ ನಂಗೆ. ಸ್ಕೀ ನಿಂಗೆ.”

“ಯಾಕೆ ಮಾರಾಯ?”

“ಯಾರ್ಡಿನವರು ಸೆಕ್ಯುರಿಟಿ ಚೀಫ್ ಮಾಡ್ತೀವಿ ಅಂದರು. ಹತ್ತೊಂಬತ್ತು ವರ್ಷ ನಿನ್ನ ಕಾರಲ್ಲಿ ಕೂತು ತಣ್ಣಗಿನ ಸಾಸೇಜ್ ತಿಂದೆ. ಬಿಸಿ ಬೇಕಾ ಐಲಿಫ್ ಅಂತ ಒಂದು ದಿನ ಕೇಳಿದ್ದೀಯಾ?”

“ಸಿನ್ನೋವೆ ಮನೆ ಕಿಟಕಿ ಒಡೆದಿದ್ದಾರೆ.”

“ಗಾಜು ಹಾಕಿಸ್ಕೋತಾಳೆ.”

ಅಲ್ಲಿಯವರೆಗೆ ನನ್ನೊಳಗೆ ಏನೋ ಸ್ವಲ್ಪ ಉಳಿದಿತ್ತು. ಆ ಮಾತಿಗೆ ಅದೂ ಆರಿತು.

“ತಗೋ,” ಎಂದೆ.

ಜೇಬಿನ ಚಾಕು ತೆಗೆದು ಹಾಳೆಯನ್ನು ಬುಡದಿಂದ ಅಂದವಾಗಿ ಕೊಯ್ದ. ಮುಂದಿನ ಹಾಳೆ ತಿರುಗಿಸಿದ. ಖಾಲಿ. ಕೊಯ್ದದ್ದನ್ನು ಒಲೆಗೆ ಹಾಕಿ, ಬೂದಿಯಾಗುವವರೆಗೂ ನಿಂತ. ಇಡೀ ಪುಸ್ತಕ ಸುಡಬಹುದಿತ್ತು. ಅದರಲ್ಲಿ ಅವನಪ್ಪನ ಅಕ್ಷರವಿದೆ, ಮಕ್ಕಳು ಬಿಡಿಸಿದ ಚಿತ್ರಗಳಿವೆ. ಸುಡಲಾರ. ಅಷ್ಟು ನನಗೆ ಗೊತ್ತಿತ್ತು.

ಸ್ಕೀಗಳನ್ನು ಹಿಮದ ಮೇಲೆ ಎಸೆದು ಹೋದ. ಸದ್ದು ಗುಡ್ಡದಾಚೆ ಅಡಗಿತು.

ಹತ್ತು ನಿಮಿಷ ಇತ್ತು ಎಂದೆನಲ್ಲ? ಅವನ ಹಾಳೆ ಓದಲು ಒಂದು ನಿಮಿಷ ಸಾಕು. ಉಳಿದ ಹೊತ್ತಿನಲ್ಲಿ ಮುಂದಕ್ಕೂ ತಿರುಗಿಸಿದ್ದೆ. ಖಾಲಿ ಹಾಳೆ, ಅದರಾಚೆ ಜಾಮ್ ತಗುಲಿ ಒಂದಕ್ಕೊಂದು ಅಂಟಿದ್ದ ಎರಡು ಹಾಳೆ, ಅವನ್ನೂ ದಾಟಿದರೆ ಬೋರ್ಗಿಲ್ಡ್. ಪಕ್ಕದ ಬೆಟ್ಟದ ಮನೆಯವಳು. ಎಂಬತ್ತೊಂದು ವರ್ಷ. ನಾವು ಹೋದ ಮೇಲೆ ಸೂರಿನ ಹಿಮ ಕೆಡವಲು ಬಂದವಳು ದಪ್ಪಕ್ಷರದಲ್ಲಿ ಬರೆದಿದ್ದಳು:

“ಹಿಮ ಕೆಡವಿದೆ. ಶುಕ್ರವಾರ ಇಲ್ಲಿ ವಾಫಲ್ ತಿಂದೆ, ಜಾಮ್ ಜಾಸ್ತಿಯಾಗಿತ್ತು. ಎರಡು ಕಂಪ್ಯೂಟರನ್ನು ಒಂದೇ ಹಗ್ಗಕ್ಕೆ ದನ ಕಟ್ಟಿದ ಹಾಗೆ ನೀಲಿ ವೈರಿಗೆ ಕಟ್ಟಿದ್ದರು. ಎರಡು ಗಂಟೆಯ ಸುದ್ದಿ ಕೇಳಿ ಬಂದೆ. ಗುನ್ವೋರ್ ಹೊರಗೆ ಬಾಯಿ ತೆರೆದು ಗೊರಕೆ. ಐಲಿಫ್ ಒಬ್ಬನೇ ಎರಡೂ ಕಂಪ್ಯೂಟರ್ ಮುಂದೆ. ಮೂರು ಸಲ ಕರೆದೆ, ತಿರುಗಿ ನೋಡಲಿಲ್ಲ. ಕಾಫಿ ತಣ್ಣಗಾಯಿತು.”

ಅವನಿಗೆ ಒಂದು ಹಾಳೆ ಬೇಕಿತ್ತು. ಸಿಕ್ಕಿತು. ಒಂದು ಸಿಕ್ಕವನು ಎರಡನೆಯದನ್ನು ಹುಡುಕುವುದಿಲ್ಲ.

ಮಂಗಳವಾರ ಬೆಳಿಗ್ಗೆ ಸಿನ್ನೋವೆ ತನ್ನ ಅಡುಗೆಮನೆಯಲ್ಲಿ ಬೋರ್ಗಿಲ್ಡಳ ಹಾಳೆಯನ್ನು ಎರಡು ಸಲ ಓದಿದಳು. ಕಿಟಕಿಗೆ ಇನ್ನೂ ರಟ್ಟು ಹೊಡೆದಿತ್ತು. ಜಾಕೆಟ್ ಹಾಕಿಕೊಂಡು, ಅಧಿಕಾರಿಯ ಆಫೀಸು ಎಷ್ಟನೇ ಮಹಡಿ ಎಂದು ಕೇಳಿದಳು. ಹೊರಡುವ ಮುಂಚೆ ಹಾಳೆ ತಿರುಗಿಸಿದಳು. ಬೆಟ್ಟ ಇಳಿಯುವ ಮೊದಲು ನಾನು ಬರೆದಿದ್ದ ಸಾಲುಗಳು ಅಲ್ಲಿದ್ದವು. ರೂಢಿ ಬಿಡಬಾರದಲ್ಲ:

“ಭಾನುವಾರ. ಬಿಸಿಲು, ಎರಡು ಡಿಗ್ರಿ. ಬಂದವರು: ಗುನ್ವೋರ್, ಐಲಿಫ್. ಐಲಿಫ್ ಒಯ್ದದ್ದು: ಒಂದು ಹಾಳೆ. ನಾನು ಒಯ್ದದ್ದು: ಪುಸ್ತಕ.”